ಸೀಸೆಯ ಮೇಲೆ ಕ್ಷೀರಸಾಗರ

ಜೀವಕೋಶದೊಳಗೂ ಹಮಾಲರಿದ್ದಾರೆ. ಬೆನ್ನ ಮೇಲೆ ಸರಕು ಹೊತ್ತು, ಮೈಕ್ರೋಟ್ಯೂಬ್ಯೂಲ್ ಎಂಬ ಹಳಿಯ ಮೇಲೆ ಹೆಜ್ಜೆಗೆ 8 ನ್ಯಾನೊಮೀಟರ್‌ನಂತೆ ನಡೆಯುವ ಕೈನೆಸಿನ್ ಅಂಥದ್ದೊಂದು ಪ್ರೋಟೀನ್. 1985ರಲ್ಲಿ ಸ್ಕ್ವಿಡ್‌ನ ನರತಂತುವಿನಲ್ಲಿ ಇದು ಪತ್ತೆಯಾಯಿತು. ಮನುಷ್ಯನಲ್ಲಿ ಈ ಕುಟುಂಬಕ್ಕೆ 45 ಜೀನ್‌ಗಳಿವೆ. ಅದರಲ್ಲಿ ಕಿಫ್5ಎ, ಕಿಫ್5ಬಿ, ಕಿಫ್5ಸಿ ಒಡಹುಟ್ಟಿದವರಿದ್ದಂತೆ: ರೂಪ, ತೂಕ ಎರಡೂ ಹೆಚ್ಚುಕಡಿಮೆ ಒಂದೇ.

ಇವರನ್ನು ಬೇರೆಬೇರೆಯಾಗಿ ಗುರುತಿಸಲು ಪ್ರಯೋಗಾಲಯಗಳು ಪ್ರತಿಕಾಯ ಕೊಳ್ಳುತ್ತವೆ. ಕೆಲವೇ ಹನಿಯ ಸೀಸೆಗೆ ಹತ್ತಾರು ಸಾವಿರ ರೂಪಾಯಿ. ಮುಂಬೈ, ಹೈದರಾಬಾದ್, ಬೆಂಗಳೂರಿನ ಪ್ರಯೋಗಾಲಯಗಳಲ್ಲಿ ಅದು ಬಹುಪಾಲು ಜನರ ತೆರಿಗೆ ಹಣ. ಸೀಸೆಯ ಮೇಲೆ ‘ಕಿಫ್5ಎ ಪ್ರತಿಕಾಯ’ ಎಂಬ ಚೀಟಿ. ಚೀಟಿ ನಂಬಿ ಪ್ರಯೋಗ, ಪ್ರಯೋಗ ನಂಬಿ ಪ್ರಬಂಧ. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬ ಗಾದೆ ವಿಜ್ಞಾನಕ್ಕೆ ಅನ್ವಯಿಸುವುದಿಲ್ಲವೇ?

‘ಸರಿಯಾದ ತೂಕದ ಜಾಗದಲ್ಲೇ ಪಟ್ಟಿ ಮೂಡಿದೆಯಲ್ಲ’ ಎನ್ನುವುದು ಸಾಮಾನ್ಯ ಸಮಾಧಾನ. ಮೂವರ ತೂಕವೂ ಒಂದೇ ಆಗಿರುವಾಗ ಸಿಕ್ಕಿದ್ದು ಯಾರೆಂದು ತೂಕ ಹೇಳಲಾರದು. ಒಳ್ಳೆಯ ಪರೀಕ್ಷೆ ಬೇರೆಯೇ ಇದೆ. ಕಿಫ್5ಎ ಜೀನನ್ನೇ ತೆಗೆದುಹಾಕಿದ ಜೀವಕೋಶದ ಮೇಲೆ ಪ್ರತಿಕಾಯವನ್ನು ಪ್ರಯೋಗಿಸಬೇಕು. ಆಗಲೂ ಪಟ್ಟಿ ಮೂಡಿದರೆ ಅದು ಹಿಡಿಯುತ್ತಿರುವುದು ಬೇರೆ ಯಾರನ್ನೋ.

ಇದು ಬರಿಯ ಅನುಮಾನವಲ್ಲ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದು 65 ಪ್ರೋಟೀನ್‌ಗಳಿಗೆಂದು ಮಾರುಕಟ್ಟೆಯಲ್ಲಿದ್ದ 614 ಪ್ರತಿಕಾಯಗಳನ್ನು ಹೀಗೆಯೇ ಪರೀಕ್ಷಿಸಿತು. ಅರ್ಧಕ್ಕಿಂತ ಹೆಚ್ಚಿನವು ಒಂದಲ್ಲ ಒಂದು ಪರೀಕ್ಷೆಯಲ್ಲಿ ಸೋತವು.

ಕಿಫ್5ಎ ಜೀನಿನ ದೋಷದಿಂದ ಕಾಲುಗಳು ಸೆಡೆತು ನಡಿಗೆ ಕುಂದುವ ಆನುವಂಶಿಕ ಕಾಯಿಲೆ ಬರುತ್ತದೆ. ಎಎಲ್‌ಎಸ್‌ಗೂ ಅದರ ನಂಟಿದೆ. ಅಂಥ ರೋಗಿಗಳಿಗಾಗಿ ನಡೆಯುವ ಸಂಶೋಧನೆ ಕಿಫ್5ಬಿಯನ್ನು ಅಳೆದು ಕಿಫ್5ಎ ಎಂದು ಬರೆದುಕೊಂಡರೆ, ಹಾಳಾಗುವುದು ಹಣ ಮಾತ್ರವಲ್ಲ, ಕಾಯಲಾರದವರ ವರ್ಷಗಳು.

ಜೀನ್ ತೆಗೆದ ಜೀವಕೋಶ ತಯಾರಿಸುವುದು ಸಣ್ಣ ಪ್ರಯೋಗಾಲಯಕ್ಕೆ ದುಬಾರಿ, ನಿಜ. ಹಾಗಿದ್ದ ಮೇಲೆ ಆ ಹೊರೆ ಮಾರುವವರ ಹೆಗಲ ಮೇಲಿರಬೇಕು. ಆ ಅಧ್ಯಯನದ ನಂತರ ಎಷ್ಟೋ ಪ್ರತಿಕಾಯಗಳನ್ನು ತಯಾರಕರೇ ಹಿಂತೆಗೆದುಕೊಂಡರು, ಇಲ್ಲವೇ ಬಳಕೆಯ ಸೂಚನೆ ಬದಲಿಸಿದರು. ಅಂದರೆ ಮಾಡಲಾಗದ ಕೆಲಸವೇನಲ್ಲ, ಕೇಳುವವರು ಬೇಕಿತ್ತು. ಕೊಳ್ಳುವ ಸಂಸ್ಥೆ ಆರ್ಡರ್ ಕೊಡುವ ಮುನ್ನ ಆ ಪರೀಕ್ಷೆಯ ಫಲಿತಾಂಶ ಕೇಳಲಿ. ಪತ್ರಿಕೆಗಳು ಅದಿಲ್ಲದ ಪ್ರಬಂಧವನ್ನು ವಾಪಸು ಕಳಿಸಲಿ.