ಮನೆಯಲ್ಲಿ ಮಾತಿಲ್ಲದಿದ್ದರೆ ಮಕ್ಕಳು ಗೋಡೆ ಓದುತ್ತಾರೆ



ಮುಂಬೈ ಲೋಕಲ್ ರೈಲಿನಲ್ಲಿ ಓಡಾಡುವ ನೀವು ಹಳಿ ಪಕ್ಕದ ಗೋಡೆಗಳನ್ನು ನೋಡಿಯೇ ಇರುತ್ತೀರಿ. ಗುಪ್ತರೋಗಕ್ಕೆ ಗ್ಯಾರಂಟಿ ಚಿಕಿತ್ಸೆ ಎಂಬ ಬರಹ, ಕೆಳಗೊಂದು ಫೋನ್ ನಂಬರು. ದೆಹಲಿಯಲ್ಲೂ ಇದೇ ಕಥೆ. ನಿಮ್ಮ ಹದಿನಾಲ್ಕು ವರ್ಷದ ಮಗನೂ ಅದನ್ನು ಓದುತ್ತಾನೆ. ನಿದ್ದೆಯಲ್ಲಿ ವೀರ್ಯ ಹೋದದ್ದನ್ನು ಕಂಡು ತನಗೇನೋ ರೋಗ ಬಂದಿದೆ ಎಂದು ಹೆದರಿದ ಹುಡುಗನಿಗೆ ಆ ಗೋಡೆಯೇ ವೈದ್ಯ. ಏಕೆಂದರೆ ಮನೆಯಲ್ಲಿ ಆ ವಿಷಯದ ಮಾತೇ ಇಲ್ಲ.

ಈ ಮೌನದ ಬೆಲೆ ಎಷ್ಟು ಎಂಬುದನ್ನು ಅಂಕಿ ಸಮೇತ ತೋರಿಸಿಕೊಟ್ಟವರು ಮಹಾರಾಷ್ಟ್ರದ ಸ್ತ್ರೀರೋಗ ತಜ್ಞೆ ಡಾ. ರಾಣಿ ಬಂಗ್. ಪತಿ ಡಾ. ಅಭಯ್ ಬಂಗ್ ಜೊತೆ ಗಡಚಿರೋಲಿಯಲ್ಲಿ 'ಸರ್ಚ್' ಸಂಸ್ಥೆ ಕಟ್ಟಿದ ಅವರು, ಅಲ್ಲಿನ ಎರಡು ಹಳ್ಳಿಗಳ 650 ಮಹಿಳೆಯರನ್ನು ಪರೀಕ್ಷಿಸಿದರು. ಆ ವರದಿ 1989ರಲ್ಲಿ ಪ್ರಸಿದ್ಧ ವೈದ್ಯಕೀಯ ಪತ್ರಿಕೆ 'ಲ್ಯಾನ್ಸೆಟ್'ನಲ್ಲಿ ಬಂತು. ತೊಂದರೆ ಇದೆ ಎಂದು ಬಾಯಿಬಿಟ್ಟವರು ಶೇ. 55. ಪರೀಕ್ಷೆ ಮಾಡಿದಾಗ ಸ್ತ್ರೀರೋಗ ಅಥವಾ ಲೈಂಗಿಕ ರೋಗ ಕಂಡದ್ದು ಶೇ. 92 ಮಂದಿಯಲ್ಲಿ. ಅದಕ್ಕೆ ಮೊದಲು ಎಂದಾದರೂ ಇಂಥ ಪರೀಕ್ಷೆ ಮಾಡಿಸಿಕೊಂಡಿದ್ದವರು ಕೇವಲ ಶೇ. 8.

ಈ ಮೂರು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹೊಟ್ಟೆಯೊಳಗೆ ಕಾಯಿಲೆ ಇಟ್ಟುಕೊಂಡೇ ಎಷ್ಟೊಂದು ಹೆಂಗಸರು ಗದ್ದೆ, ಮನೆ, ಹೆರಿಗೆ ಎಲ್ಲವನ್ನೂ ನಿಭಾಯಿಸುತ್ತಿದ್ದರು! ಹೇಳಿಕೊಳ್ಳಬಾರದು ಎಂಬ ಪಾಠ ಹುಡುಗಿ ದೊಡ್ಡವಳಾದ ದಿನವೇ ಶುರುವಾಗುತ್ತದೆ. ರಾಣಿ ಬಂಗ್ ಮುಂದೆ ಹದಿಹರೆಯದವರಿಗಾಗಿ 'ತಾರುಣ್ಯಭಾನ್' ಎಂಬ ಶಿಬಿರಗಳನ್ನು ನಡೆಸಿದರು. ದೇಹದ ಬೆಳವಣಿಗೆ, ಮುಟ್ಟು, ಗರ್ಭಧಾರಣೆ, ಲೈಂಗಿಕ ರೋಗ ಎಲ್ಲವನ್ನೂ ಅಲ್ಲಿ ಮುಚ್ಚುಮರೆಯಿಲ್ಲದೆ ಮಾತಾಡುತ್ತಾರೆ.

"ಇದನ್ನೆಲ್ಲ ಹೇಳಿದರೆ ಮಕ್ಕಳು ಕೆಡುವುದಿಲ್ಲವೇ?" ಎಂದು ಕೇಳುವವರಿದ್ದಾರೆ. ಇದೇ ಭಯದಿಂದ 2007ರಲ್ಲಿ ಮಹಾರಾಷ್ಟ್ರ, ಕರ್ನಾಟಕ ಎರಡೂ ಸರ್ಕಾರಗಳು ಶಾಲೆಯ ಹದಿಹರೆಯ ಶಿಕ್ಷಣ ಕಾರ್ಯಕ್ರಮವನ್ನು ತಡೆದವು. ಆದರೆ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಯುನೆಸ್ಕೊ ಹೇಳುವುದು ಬೇರೆ: ಇಂಥ ಶಿಕ್ಷಣದಿಂದ ಮಕ್ಕಳು ಬೇಗ ದಾರಿ ತಪ್ಪುವುದಿಲ್ಲ, ಅಪಾಯದಿಂದ ದೂರವಿರುವುದನ್ನು ಕಲಿಯುತ್ತಾರೆ. ಕೆಡುವ ಭಯವಿದ್ದರೆ ಮೊಬೈಲಿಗೆ ಹೆದರಿ. ಅದು ಯಾರ ಅನುಮತಿಯನ್ನೂ ಕೇಳದೆ ಪಾಠ ಮಾಡುತ್ತಿದೆ.

ಪರಊರಿನಲ್ಲಿರುವ ನಮಗೆ ಇನ್ನೊಂದು ಕಷ್ಟವಿದೆ. ಊರಲ್ಲಾದರೆ ಹುಡುಗಿ ಮೈನೆರೆದಾಗ ಅಜ್ಜಿ, ಸೋದರತ್ತೆ, ಚಿಕ್ಕಮ್ಮ ಸುತ್ತ ಇರುತ್ತಿದ್ದರು. ಆರತಿ ಎತ್ತಿ, ಎಳ್ಳು ಬೆಲ್ಲದ ಚಿಗಳಿ ತಿನ್ನಿಸುತ್ತಿದ್ದರು. ಏಕೆ ಹೀಗಾಗುತ್ತದೆ ಎಂದು ವಿವರಿಸಿದವರು ಕಡಿಮೆ, ಆದರೆ ಕೇಳಲು ಒಂದು ಮಡಿಲು ಇತ್ತು. ಇಲ್ಲಿ ಎರಡು ಕೋಣೆಯ ಮನೆ, ಇಬ್ಬರಿಗೂ ಡ್ಯೂಟಿ. ಮಕ್ಕಳ ಶಾಲೆ ಇಂಗ್ಲಿಷಿನಲ್ಲಿ, ಗೆಳೆತನ ಹಿಂದಿ, ಮರಾಠಿ, ತಮಿಳು, ತೆಲುಗಿನಲ್ಲಿ. ಕನ್ನಡ ಉಳಿದಿರುವುದು ಊಟಕ್ಕೆ, ಬೈಗುಳಕ್ಕೆ. ದೇಹದ ಮಾತಾಡಲು ಅಮ್ಮನಿಗೂ ಮಗಳಿಗೂ ಒಂದೇ ಪದ ಸಿಗುವುದಿಲ್ಲ. ಮುಟ್ಟು ಅನ್ನಿ, ಪೀರಿಯಡ್ಸ್ ಅನ್ನಿ, ಯಾವುದಾದರೂ ಸರಿ. ಪದ ನಿಮ್ಮ ಬಾಯಿಂದ ಮೊದಲು ಬರಲಿ.

ಇಷ್ಟನ್ನಾದರೂ ಹೇಳಿ:

• ಮಗಳಿಗೆ ಎಂಟು ಒಂಬತ್ತು ತುಂಬುವಾಗಲೇ ಮುಟ್ಟಿನ ಬಗ್ಗೆ ತಿಳಿಸಿ. ರಕ್ತ ಕಂಡ ದಿನ ಅವಳು ಗಾಬರಿಯಾಗಬಾರದು. ಮೊದಲ ಒಂದೆರಡು ವರ್ಷ ದಿನಗಳು ಹಿಂದೆಮುಂದೆ ಆಗುವುದು ಸಹಜ.

• 15 ವರ್ಷವಾದರೂ ಮುಟ್ಟಾಗದಿದ್ದರೆ, ಒಂದೆರಡು ಗಂಟೆಗೊಂದು ಪ್ಯಾಡ್ ತೊಯ್ದು ಹೋಗುತ್ತಿದ್ದರೆ, ನೋವಿನಿಂದ ಶಾಲೆ ತಪ್ಪುತ್ತಿದ್ದರೆ ವೈದ್ಯರಿಗೆ ತೋರಿಸಿ.

• ಸ್ವಲ್ಪ ಬಿಳಿಸೆರಗು ಎಲ್ಲರಿಗೂ ಇರುತ್ತದೆ. ವಾಸನೆ, ತುರಿಕೆ, ಹಳದಿ ಹಸಿರು ಬಣ್ಣ ಇದ್ದರೆ ಔಷಧಿ ಬೇಕು.

• ಮಗನಿಗೆ ಅಪ್ಪನೇ ಹೇಳಲಿ: ಸ್ವಪ್ನಸ್ಖಲನ ರೋಗವಲ್ಲ, ಅದರಿಂದ ಶಕ್ತಿ ಕುಂದುವುದಿಲ್ಲ, ಅದಕ್ಕೆ ಔಷಧಿಯೂ ಬೇಡ. ಹುಡುಗಿ ಬೇಡ ಎಂದರೆ ಬೇಡ ಎಂದೇ ಅರ್ಥ ಎಂಬುದನ್ನೂ ಅಪ್ಪನೇ ಕಲಿಸಲಿ.

• ಯಾರಾದರೂ, ನೆಂಟರೇ ಆಗಿರಲಿ, ಕೆಟ್ಟದಾಗಿ ಮುಟ್ಟಿದರೆ ಕೂಡಲೇ ಬಂದು ಹೇಳು, ತಪ್ಪು ನಿನ್ನದಲ್ಲ ಎಂದು ಇಬ್ಬರಿಗೂ ಹೇಳಿ. ಮಕ್ಕಳ ಸಹಾಯವಾಣಿ 1098 ಅವರಿಗೆ ಬಾಯಿಪಾಠವಾಗಿರಲಿ.

ಹೇಳಲು ನಿಮಗೆ ಮುಜುಗರವೇ? 10ರಿಂದ 19 ವರ್ಷದವರಿಗಾಗಿ 2014ರಿಂದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ನಡೆಯುತ್ತಿದೆ. ಅದರಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರ ಕ್ಲಿನಿಕ್‌ಗಳಿವೆ. ಮಹಾರಾಷ್ಟ್ರದಲ್ಲಿ 'ಮೈತ್ರಿ', ಕರ್ನಾಟಕದಲ್ಲಿ 'ಸ್ನೇಹ' ಎಂಬ ಹೆಸರು. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಅಲ್ಲಿ ಆಪ್ತ ಸಲಹೆಗೆ ಹಣವಿಲ್ಲ, ನಾಚಿಕೆಯೂ ಬೇಕಿಲ್ಲ.

ಬಂಧುಗಳೇ, ಈ ಮಾತನ್ನು ಒಂದೇ ದಿನ ಕೂರಿಸಿಕೊಂಡು ಭಾಷಣದಂತೆ ಹೇಳಬೇಕಾಗಿಲ್ಲ. ಸೊಪ್ಪು ಬಿಡಿಸುವಾಗ, ಬಸ್ಸಿಗೆ ಕಾಯುವಾಗ ಒಂದೊಂದೇ ಮಾತು ಸಾಕು. ಮಗು ಪ್ರಶ್ನೆ ಕೇಳಿದಾಗ ಗದರಬೇಡಿ. ಒಮ್ಮೆ ಗದರಿದರೆ ಆ ಮಗು ಮತ್ತೆ ನಿಮ್ಮನ್ನು ಕೇಳುವುದಿಲ್ಲ.

ನಿಮ್ಮ ಕನ್ನಡ ಸಂಘದ ಗುಂಪಿಗೂ ಇದನ್ನು ಕಳುಹಿಸಿ. ಕಳುಹಿಸುವ ಮೊದಲು ನಿಮ್ಮ ಮನೆಯಲ್ಲಿ ಒಂದು ಮಾತು ಆಡಿ.