ನೀರು ಬಂದಿತು, ಎಂತಹ ನೀರು?

ಅರಸೀಕೆರೆಯ ಹೆಸರಿನಲ್ಲಿಯೇ ಕೆರೆಯಿದೆ. ಬೇಲೂರಿನ ಮಗ್ಗುಲಲ್ಲಿ ಯಗಚಿ ಹರಿಯುತ್ತದೆ. ಹಳೇಬೀಡಿನ ಪ್ರಾಚೀನ ನಾಮವಾದ ದೋರಸಮುದ್ರವಂತೂ ಜಲರಾಶಿಯನ್ನೇ ನೆನಪಿಗೆ ತರುತ್ತದೆ. ಹೊಯ್ಸಳರ ಈ ನಾಡಿನಲ್ಲಿ ದೇವಾಲಯಗಳೊಡನೆ ಕೆರೆ ಕಲ್ಯಾಣಿಗಳೂ ನಿರ್ಮಾಣಗೊಂಡುವೆಂಬುದಕ್ಕೆ ಹಳೇಬೀಡಿನ ಸಮೀಪದ ಹುಲಿಕೆರೆಯ ಪುಷ್ಕರಿಣಿ ಇಂದಿಗೂ ಸಾಕ್ಷಿಯಾಗಿದೆ. ಶರಣ ಪರಂಪರೆಯಲ್ಲಿಯೂ ಜನರಿಗೆ ನೀರನ್ನು ಒದಗಿಸುವುದು ಶ್ರೇಷ್ಠವಾದ ಕಾಯಕ. 12ನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆಯನ್ನು ಕಟ್ಟಿಸಿದುದು ಸರ್ವವಿದಿತವಾದ ಸಂಗತಿ.

ಇಂತಹ ನಾಡೇ ಕಳೆದ ಕೆಲವು ದಶಕಗಳಲ್ಲಿ ನೀರಿಗಾಗಿ ಬಹುವಾಗಿ ಬವಣೆಪಟ್ಟಿತು. ಯಗಚಿಯ ನೀರನ್ನು ರಣಘಟ್ಟದಿಂದ ಹಳೇಬೀಡಿನ ಕೆರೆಗೆ ಹರಿಸಬೇಕೆಂದು ರೈತರೂ ಮಠಾಧೀಶರೂ ಒಂದುಗೂಡಿ ಹೋರಾಡಿದರು. ಸಕಲೇಶಪುರದ ಕಡೆಯ ಹಳ್ಳಗಳ ನೀರನ್ನು ಬಯಲುಸೀಮೆಗೆ ತಿರುಗಿಸುವ ಎತ್ತಿನಹೊಳೆ ಯೋಜನೆಯ ಮೊದಲ ಹಂತವು 2024ರ ಸೆಪ್ಟೆಂಬರ್ 6ರಂದು, ಗೌರಿಹಬ್ಬದ ದಿನ ಉದ್ಘಾಟನೆಗೊಂಡಿತು. ಈ ಪ್ರಯತ್ನಗಳೆಲ್ಲ ಶ್ಲಾಘನೀಯವೇ. ಆದರೆ ಇವುಗಳಲ್ಲೆಲ್ಲ ಜನರು ಕೇಳಿದ ಪ್ರಶ್ನೆ ಒಂದೇ: ಎಷ್ಟು ನೀರು ಬರುತ್ತದೆ? ಎಂತಹ ನೀರು ಬರುತ್ತದೆಂಬ ಎರಡನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಮಕ್ಕಳ ಆರೋಗ್ಯವು ನಿಂತಿರುವುದು ಈ ಎರಡನೆಯ ಪ್ರಶ್ನೆಯ ಮೇಲೆ.

ಕುಡಿಯುವ ನೀರಿಗೆ ಎರಡು ಬಗೆಯ ಶತ್ರುಗಳುಂಟು. ಒಂದು ಸಜೀವವಾದುದು, ಎಂದರೆ ರೋಗಾಣು. ಇನ್ನೊಂದು ನಿರ್ಜೀವವಾದುದು, ಎಂದರೆ ನೀರಿನಲ್ಲಿ ಕರಗಿದ ಖನಿಜ. ಈ ಪ್ರದೇಶದ ಮಟ್ಟಿಗೆ ಆ ಖನಿಜಗಳಲ್ಲಿ ಮುಖ್ಯವಾದುದು ಫ್ಲೋರೈಡ್. ಮಳೆ ಕೈಕೊಟ್ಟಂತೆಲ್ಲ ಕೊಳವೆಬಾವಿಗಳು ಆಳಕ್ಕಿಳಿಯುತ್ತವೆ. ಆಳದ ನೀರು ದೀರ್ಘಕಾಲ ಬಂಡೆಯ ಸಂಪರ್ಕದಲ್ಲಿದ್ದು ಅದರ ಫ್ಲೋರೈಡನ್ನು ಕರಗಿಸಿಕೊಂಡಿರುತ್ತದೆ. ಅರಸೀಕೆರೆ ತಾಲ್ಲೂಕಿನ ಹಲವು ಗ್ರಾಮಗಳನ್ನು ಕಾಡಿರುವ ತೊಂದರೆ ಇದೇ. ಭಾರತೀಯ ಮಾನಕದ ಪ್ರಕಾರ ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಮೀರಿದ ನೀರನ್ನೇ ಕುಡಿದು ಬೆಳೆದ ಮಗುವಿನ ಹಲ್ಲುಗಳಲ್ಲಿ ಬಿಳಿಯ ಅಥವಾ ಕಂದು ಬಣ್ಣದ ಕಲೆಗಳು ಮೂಡುತ್ತವೆ. ಹಲ್ಲಿನ ಹೊರಕವಚವು ಬಹುಮಟ್ಟಿಗೆ ಎಂಟು ವರ್ಷದೊಳಗೆ ರೂಪುಗೊಳ್ಳುವುದರಿಂದ ಆಗ ಆದ ಹಾನಿ ಜೀವನಪರ್ಯಂತ ಉಳಿಯುತ್ತದೆ. ಇನ್ನೂ ಹೆಚ್ಚಿನ ಪ್ರಮಾಣದ ಫ್ಲೋರೈಡನ್ನು ಬಹುವರ್ಷ ಸೇವಿಸಿದವರ ಕೀಲುಗಳು ಬಿಗಿಯುತ್ತವೆ, ಮೂಳೆಗಳು ವಿಕಾರಗೊಳ್ಳುತ್ತವೆ.

ರೋಗಾಣುವಿನ ಹಾವಳಿಯಾದರೋ ದಿನಗಳ, ಗಂಟೆಗಳ ಮಾತು. 2022ರಲ್ಲಿ ರಾಯಚೂರು ನಗರದಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಲ್ಲಿಯ ಕಲುಷಿತ ನೀರನ್ನು ಕುಡಿದು ಹಲವರು ಆಸ್ಪತ್ರೆ ಸೇರಿದರು; ಕೆಲವರು ಅಸುನೀಗಿದರು. ಶುದ್ಧೀಕರಣ ಘಟಕದಿಂದ ನೀರು ನಿರ್ಮಲವಾಗಿ ಹೊರಟಿತೆಂದ ಮಾತ್ರಕ್ಕೆ ನಲ್ಲಿಯಲ್ಲಿಯೂ ಅದು ಹಾಗೆಯೇ ಇರುವುದೆಂಬ ಭರವಸೆಯಿಲ್ಲ. ಎರಡು ಮೂರು ದಿನಕ್ಕೊಮ್ಮೆ ನೀರು ಬಿಡುವ ಊರುಗಳಲ್ಲಿ ಉಳಿದ ಹೊತ್ತು ಕೊಳವೆಗಳು ಬರಿದಾಗಿರುತ್ತವೆ. ಒತ್ತಡವಿಲ್ಲದ ಆ ಹೊತ್ತಿನಲ್ಲಿ, ಒಡೆದ ಸಂದುಗಳ ಮೂಲಕ ಪಕ್ಕದ ಚರಂಡಿಯ ನೀರು ಒಳನುಸುಳುತ್ತದೆ. ಆದುದರಿಂದಲೇ ಕೊಟ್ಟಕೊನೆಯ ನಲ್ಲಿಯಲ್ಲಿಯೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬ ನಿಯಮವಿದೆ.

ಇವೆರಡನ್ನೂ ಕಣ್ಣಿನಿಂದಾಗಲಿ ನಾಲಗೆಯಿಂದಾಗಲಿ ಅರಿಯಲಾಗದು. 1854ರಲ್ಲಿ ಲಂಡನ್ ನಗರದ ಬ್ರಾಡ್ ಸ್ಟ್ರೀಟಿನ ಪಂಪಿನ ನೀರು ರುಚಿಯಾಗಿದೆಯೆಂದು ದೂರದ ಬಡಾವಣೆಯೊಂದರ ವೃದ್ಧೆಯೊಬ್ಬಳು ಅದನ್ನೇ ತರಿಸಿಕೊಂಡು ಕುಡಿದು ಕಾಲರಾಕ್ಕೆ ಬಲಿಯಾದಳು. ಆ ಪಂಪಿಗೂ ಕಾಲರಾಕ್ಕೂ ಇದ್ದ ಸಂಬಂಧವನ್ನು ಕಂಡುಹಿಡಿದ ವೈದ್ಯ ಜಾನ್ ಸ್ನೋ ತನ್ನ ನಿರ್ಣಯಕ್ಕೆ ಆಧಾರ ಮಾಡಿಕೊಂಡ ಸಂಗತಿಗಳಲ್ಲಿ ಇದೂ ಒಂದು.

ಇಲ್ಲಿ ಎಚ್ಚರ ವಹಿಸಬೇಕಾದ ಇನ್ನೊಂದು ವಿಷಯವುಂಟು. ನೀರನ್ನು ಕಾಯಿಸಿ, ಸೋಸಿ ಕುಡಿದರೆ ಯಾವ ಭಯವೂ ಇಲ್ಲವೆಂಬ ನಂಬಿಕೆ ಮನೆಮನೆಯಲ್ಲಿಯೂ ಬೇರೂರಿದೆ. ಚೆನ್ನಾಗಿ ಕುದಿಸಿದರೆ ರೋಗಾಣುಗಳು ಸಾಯುತ್ತವೆ, ನಿಜ. ಆದರೆ ಫ್ಲೋರೈಡ್ ಕುದಿಸಿದರೆ ಹೋಗದು. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸಿದರೂ ಕ್ಲೋರಿನ್ ಬೆರೆಸಿದರೂ ಅದು ನೀಗದು. ಒಂದು ರೋಗಕ್ಕೆ ಮದ್ದಾದುದು ಇನ್ನೊಂದಕ್ಕೆ ಮದ್ದಲ್ಲ. ಆದ್ದರಿಂದ ಪರೀಕ್ಷೆಗೆ ಮೊದಲೇ ಪರಿಹಾರವನ್ನು ನಿಶ್ಚಯಿಸುವುದು, ನಾಡಿ ನೋಡದೆ ಔಷಧಿ ಕೊಟ್ಟಂತೆಯೇ ಸರಿ.

ಊರೂರುಗಳಲ್ಲಿ ತಲೆಯೆತ್ತಿರುವ ಶುದ್ಧ ಕುಡಿಯುವ ನೀರಿನ ಘಟಕಗಳು ಫ್ಲೋರೈಡನ್ನು ಬಹುಪಾಲು ನಿವಾರಿಸಬಲ್ಲವೆಂಬುದು ದಿಟ. ಆದರೆ ಅವುಗಳ ಪೊರೆಗಳನ್ನು ಕಾಲಕಾಲಕ್ಕೆ ಬದಲಾಯಿಸದಿದ್ದರೆ 'ಶುದ್ಧ' ಎಂಬ ಮಾತು ಫಲಕದ ಮೇಲೆ ಮಾತ್ರ ಉಳಿಯುತ್ತದೆ. ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವವನಿಗೆ ಅದು ತಿಳಿಯುವ ಬಗೆಯಾದರೂ ಎಂತು?

ಹಾಗಾದರೆ ಮಾಡತಕ್ಕುದೇನು? ವಿದ್ಯಾಸಂಸ್ಥೆಗಳು ಇಲ್ಲಿ ಮುಂದಾಗಬೇಕು. ವರ್ಷಕ್ಕೆರಡು ಬಾರಿ, ಬೇಸಗೆಯ ಕೊನೆಯಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ, ಶಾಲೆಯ ಹಾಗೂ ವಿದ್ಯಾರ್ಥಿನಿಲಯದ ನೀರನ್ನು ಪ್ರಯೋಗಾಲಯಕ್ಕೆ ಕಳುಹಿಸಿ, ಬಂದ ವರದಿಯನ್ನು ದಿನಾಂಕಸಹಿತ ಸೂಚನಾಫಲಕದಲ್ಲಿ ಪ್ರಕಟಿಸಬೇಕು. 2019ರಲ್ಲಿ ಆರಂಭವಾದ ಜಲ ಜೀವನ ಮಿಷನ್ ಯೋಜನೆಯು ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ತರಬೇತಿಯನ್ನು ಕೊಡಬೇಕೆಂದು ವಿಧಿಸಿದೆ. ಹೆಣ್ಣುಮಕ್ಕಳು ಕಲಿಯಬಹುದಾದ ಆ ಸರಳ ಪರೀಕ್ಷೆಯನ್ನು ಪ್ರೌಢಶಾಲೆಯ ವಿಜ್ಞಾನದ ತರಗತಿಯಲ್ಲಿ ಕಲಿಸಲು ಅಡ್ಡಿಯೇನು? ತೊಟ್ಟಿಯನ್ನು ತೊಳೆಸಿದ ದಿನಾಂಕವನ್ನು ತೊಟ್ಟಿಯ ಮೇಲೆಯೇ ಬರೆಯಿಸಲು ಹೆಚ್ಚಿನ ವೆಚ್ಚವೂ ಬೇಕಿಲ್ಲ. ಮಕ್ಕಳ ಹಲ್ಲುಗಳನ್ನು ದಿನವೂ ಕಾಣುವವರು ಉಪಾಧ್ಯಾಯರು. ತರಗತಿಯಲ್ಲಿ ನಾಲ್ಕಾರು ಮಕ್ಕಳಿಗೆ ಒಂದೇ ಬಗೆಯ ಕಲೆ ಕಂಡುಬಂದರೆ ಆ ಊರಿನ ನೀರನ್ನು ಮೊದಲು ಶಂಕಿಸಬೇಕಾದವರೂ ಅವರೇ.

ಇದು ನಗರಸಭೆ, ಪುರಸಭೆ, ಗ್ರಾಮಪಂಚಾಯತಿಗಳ ಹೊಣೆಯಲ್ಲದೆ ಶಾಲೆಯ ಹೊಣೆಯಲ್ಲವೆಂದು ಕೆಲವರು ಆಕ್ಷೇಪಿಸಬಹುದು. ಹೊಣೆ ಅವುಗಳದೇ ಎಂಬುದರಲ್ಲಿ ಸಂದೇಹವಿಲ್ಲ. ಆದರೆ 'ನೀರು ಸರಿಯಿಲ್ಲ' ಎಂಬ ಬರಿಯ ದೂರಿಗೆ ಕಚೇರಿಯಲ್ಲಿ ಉತ್ತರ ದೊರೆಯುವುದು ದುರ್ಲಭ. ಅಂಕಿಯುಳ್ಳ ವರದಿಯನ್ನು ಮುಂದಿಟ್ಟಾಗ ಉತ್ತರ ಕೊಡದಿರುವುದು ಕಷ್ಟ. ವರದಿಯು ಕೆಟ್ಟದಾಗಿ ಬಂದರೆ ಸಂಸ್ಥೆಯ ಹೆಸರಿಗೆ ಕುಂದೆಂದು ಅದನ್ನು ಮುಚ್ಚಿಡುವ ಪ್ರಲೋಭನೆಯೂ ಉಂಟಾಗಬಹುದು. ಕುಂದಿರುವುದು ತಿಳಿದೂ ಸುಮ್ಮನಿರುವುದರಲ್ಲಿ.

ಅನ್ನದಾಸೋಹ, ಜ್ಞಾನದಾಸೋಹಗಳಿಂದ ಮಠಗಳು ನಾಡಿನ ಕೃತಜ್ಞತೆಗೆ ಪಾತ್ರವಾಗಿವೆ. ದಾಸೋಹದ ಪಂಕ್ತಿಯಲ್ಲಿ ಎಲೆಗೆ ಮೊದಲು ಬೀಳುವುದು ನೀರು. ಆ ನೀರಿನ ಗುಣವನ್ನು ಪರೀಕ್ಷಿಸಿ ತಿಳಿಯುವ ಕಾರ್ಯವೂ ದಾಸೋಹದ ಅಂಗವೆಂದೇ ಭಾವಿಸಿ, ಬರುವ ಬೇಸಗೆಗೆ ಮುನ್ನವೇ ಈ ಸೀಮೆಯ ಶಾಲೆಗಳು ಅದನ್ನು ಕೈಗೊಳ್ಳುವುದು ಅತ್ಯವಶ್ಯ.