ಒಬ್ಬರೇ ಭಟ್ಟರು, ಎಷ್ಟು ಸಲ ಪರೀಕ್ಷೆ?

ಊರಲ್ಲಿ ಒಂದೇ ತಿಂಗಳಿಗೆ ಮೂವತ್ತು ಮದುವೆ ಅಂದ್ಕೊಳ್ಳಿ. ಮೂವತ್ತಕ್ಕೂ ಅಡುಗೆ ಒಬ್ಬರೇ ಭಟ್ಟರದ್ದು. ಆದರೆ ಅಧಿಕಾರಿಗಳು ಪ್ರತಿ ಮದುವೆಗೂ ಬೇರೆ ಬೇರೆಯಾಗಿ ಬಂದು ಅದೇ ಒಲೆ, ಅದೇ ಕೊಳಗ, ಅದೇ ನೀರು ನೋಡಿ ಮೂವತ್ತು ವರದಿ ಬರೆಯುತ್ತಾರೆ. ನಗು ಬರುತ್ತೆ ಅಲ್ವಾ? ಇಂಟರ್ನೆಟ್ ಹೆಸರುಗಳ ವಿಷಯದಲ್ಲಿ 2012ರಲ್ಲಿ ಹೆಚ್ಚುಕಡಿಮೆ ಇದೇ ನಡೆಯಿತು.

ಡಾಟ್ ಕಾಮ್, ಡಾಟ್ ಇನ್ ನಮಗೆಲ್ಲ ಗೊತ್ತು. ಆ ಚುಕ್ಕೆಯ ನಂತರದ ಹೊಸ ಹೆಸರುಗಳಿಗೆ ಐಕ್ಯಾನ್ ಅನ್ನೋ ಸಂಸ್ಥೆ 2012ರಲ್ಲಿ ಅರ್ಜಿ ಕರೆಯಿತು. ಒಂದು ಅರ್ಜಿಗೆ 1,85,000 ಡಾಲರ್. ಬಂದದ್ದು 1,930 ಅರ್ಜಿ! ಅರ್ಜಿಯ 50 ಪ್ರಶ್ನೆಗಳಲ್ಲಿ 24ರಿಂದ 44ರವರೆಗೆ ಪೂರ್ತಿ ತಾಂತ್ರಿಕ ವಿಷಯ: ಸರ್ವರ್ ಎಲ್ಲಿ, ಸುರಕ್ಷತೆ ಹೇಗೆ, ಡೇಟಾ ಕಳೆದುಹೋದರೆ ಏನ್ಮಾಡ್ತೀರಿ, ಹೀಗೆ.

ಅರ್ಜಿ ಹಾಕಿದ ಬಹುತೇಕರು ತಾವೇ ಸರ್ವರ್ ನಡೆಸುವವರಲ್ಲ. ಹೆಸರಿನ ಒಡೆತನ ಒಬ್ಬರದು, ಹಿಂದಿನ ಯಂತ್ರ ಇನ್ನೊಬ್ಬರದು. ಈ ಇನ್ನೊಬ್ಬರೇ ತಾಂತ್ರಿಕ ಸೇವಾದಾರರು, ನಮ್ಮ ಕಥೆಯ ಭಟ್ಟರು. ಡೋನಟ್ಸ್ ಅನ್ನೋ ಒಂದೇ ಕಂಪನಿ 307 ಅರ್ಜಿ ಹಾಕಿತ್ತು. ಒಬ್ಬರೇ ಸೇವಾದಾರರಿದ್ದ ಅರ್ಜಿಗಳಲ್ಲೂ ತಾಂತ್ರಿಕ ಉತ್ತರಗಳನ್ನು ಅರ್ಜಿಗೊಂದರಂತೆ ಓದಿ ಅಂಕ ಹಾಕಬೇಕಿತ್ತು. ಕೊನೆಗೆ ಹೆಸರು ಚಾಲೂ ಮಾಡೋ ಮುಂಚಿನ ಪರೀಕ್ಷೆಯೂ ಹೆಸರಿಗೊಂದು.

ನಾನು ಕೆಲಸ ಮಾಡೋದು ಬ್ಯಾಕೆಂಡ್ ತಂಡದಲ್ಲಿ. ಹೊಸ ಗ್ರಾಹಕರು ಬಂದಾಗಲೆಲ್ಲ ನಮಗೂ ಸೆಕ್ಯುರಿಟಿ ಪ್ರಶ್ನಾವಳಿಯ ಎಕ್ಸೆಲ್ ಶೀಟ್ ಬರುತ್ತೆ. ಪ್ರಶ್ನೆಗಳ ಕ್ರಮ ಬೇರೆ, ವಿಷಯ ಅದೇ. ಹತ್ತನೇ ಶೀಟ್ ಹೊತ್ತಿಗೆ ಉತ್ತರ ಬರೆಯೋರಿಗೂ ಓದೋರಿಗೂ ಕಣ್ಣು ಮಂಜು. ಒಂದೇ ಪರೀಕ್ಷೆಯನ್ನು ನೂರು ಸಲ ಮಾಡಿದರೆ ಸುರಕ್ಷತೆ ನೂರುಪಟ್ಟು ಆಗಲ್ಲ. ಗಮನ ಮಾತ್ರ ತೆಳುವಾಗುತ್ತೆ.

ಈ ಸಲ ಐಕ್ಯಾನ್ ಇದನ್ನು ಸರಿಮಾಡಿದೆ. ಭಟ್ಟರ ಪರೀಕ್ಷೆ ಬೇರೆ, ಮದುವೆಯ ಅರ್ಜಿ ಬೇರೆ. 2024ರ ನವೆಂಬರ್ 19ರಿಂದ 2025ರ ಮೇ 20ರವರೆಗೆ ಸೇವಾದಾರರಿಂದಲೇ ನೇರವಾಗಿ ಅರ್ಜಿ ಪಡೆದರು. ಶುಲ್ಕ 92,000 ಡಾಲರ್. ನಾಲ್ಕು ವಿಭಾಗ: ಇಡೀ ರಿಜಿಸ್ಟ್ರಿ ನಡೆಸೋರು, ಡಿಎನ್‌ಎಸ್ ಮಾತ್ರ ನೋಡೋರು, ಡಿಎನ್‌ಎಸ್ ಉತ್ತರಗಳಿಗೆ ಡಿಜಿಟಲ್ ಸಹಿ ಹಾಕೋರು, ಮತ್ತೆ ಆಯಾ ದೇಶದ ಕಾನೂನಿಗೆ ತಕ್ಕಂತೆ ನಡುವೆ ನಿಲ್ಲೋ ಪ್ರಾಕ್ಸಿಗಳು. ಕಾಗದದ ಉತ್ತರದ ಜೊತೆ ನಿಜವಾದ ಸಿಸ್ಟಮ್ ಮೇಲೂ ಪರೀಕ್ಷೆ. ಪಾಸಾದವರ ಹೆಸರು ಪಟ್ಟಿಯಲ್ಲಿ. ಹೊಸ ಹೆಸರು ಬೇಕಾದವರು ಆ ಪಟ್ಟಿಯಿಂದ ಒಬ್ಬರನ್ನು ಆರಿಸಿಕೊಂಡರೆ ಆಯ್ತು. ಹೆಸರಿನ ಅರ್ಜಿಗಳಿಗೆ ನಿಗದಿಯಾದ ಅವಧಿ 2026ರ ಏಪ್ರಿಲ್ 30ರಿಂದ ಆಗಸ್ಟ್ 12. ಶುಲ್ಕ 2,27,000 ಡಾಲರ್, ಅಂದ್ರೆ ಸುಮಾರು ಎರಡು ಕೋಟಿ ರೂಪಾಯಿ.

ಇದರಿಂದ ನಮಗೇನು ಅಂತೀರಾ? ನನ್ನ ಅಕ್ಕ ಮನೆಯಲ್ಲೇ ಹಪ್ಪಳ, ಉಪ್ಪಿನಕಾಯಿ ಮಾಡಿ ಸ್ವಂತ ವೆಬ್‌ಸೈಟ್‌ನಲ್ಲಿ ಮಾರ್ತಾಳೆ. ಆರ್ಡರ್ ಇಮೇಲ್, ಪೇಮೆಂಟ್ ರಸೀದಿ ಎಲ್ಲವೂ ಆ ಹೆಸರಿನ ಮೇಲೆ. ಚುಕ್ಕೆಯ ಆಚೆಯ ಯಂತ್ರ ನಿಂತರೆ ಅವಳ ಅಂಗಡಿಯ ಬಾಗಿಲೇ ಮಾಯ. ಅವಳ ಸರ್ವರ್ ಚೆನ್ನಾಗಿಯೇ ಇರುತ್ತೆ, ದಾರಿ ತೋರಿಸೋರು ಮಾತ್ರ ಇರಲ್ಲ.

ಅದಕ್ಕೇ ನಿಯಮ ಬಿಗಿ. ಡಿಎನ್‌ಎಸ್ ಸೇವೆ ತಿಂಗಳಲ್ಲಿ ಒಂದು ನಿಮಿಷವೂ ನಿಲ್ಲಬಾರದು ಅಂತ ಒಪ್ಪಂದ ಹೇಳುತ್ತೆ. ಒಂದು ವಾರದಲ್ಲಿ ಒಟ್ಟು ನಾಲ್ಕು ಗಂಟೆ ನಿಂತರೆ, ತುರ್ತು ನಿರ್ವಾಹಕರಿಗೆ ವಹಿಸೋ ಹಂತ ಬಂತು ಅಂತಲೇ ಲೆಕ್ಕ. 2017ರ ಡಿಸೆಂಬರ್‌ನಲ್ಲಿ ಒಂದು ಹೆಸರನ್ನು ಮೊದಲ ಸಲ ತುರ್ತು ನಿರ್ವಾಹಕರಿಗೆ ವಹಿಸಬೇಕಾಯ್ತು. ಬ್ರಿಟನ್ನಿನ ನಾಮಿನೆಟ್ ಬಂದು ವಹಿಸಿಕೊಂಡಿತು. ಆ ಹೆಸರು ಯಾವುದು ಗೊತ್ತಾ? ಡಾಟ್ ವೆಡ್. ಮದುವೆಗೆಂದೇ ಇದ್ದ ಹೆಸರು!

ಹಾಗಾದ್ರೆ ಒಮ್ಮೆ ಪರೀಕ್ಷೆ ಮಾಡಿ ಬಿಟ್ಟರೆ ಸಾಕಾ? ನನಗೆ ಹಾಗನ್ನಿಸಲ್ಲ. ಒಬ್ಬರೇ ಭಟ್ಟರು ಮೂವತ್ತು ಮದುವೆ ಹಿಡಿದಾಗ ಅನುಕೂಲ ಹೌದು, ಆದರೆ ಅವರಿಗೆ ಜ್ವರ ಬಂದರೆ ಮೂವತ್ತು ಪಂಕ್ತಿಯೂ ಖಾಲಿ. ಪ್ರವೇಶ ಪರೀಕ್ಷೆ ಒಂದೇ ಸಲ ಇರಲಿ, ಕಾವಲು ಮಾತ್ರ ದಿನಾ ಇರಬೇಕು. 92,000 ಡಾಲರ್ ಕಟ್ಟಿ ಹೊಸ ಭಟ್ಟರು ಬರೋದೂ ಸುಲಭ ಅಲ್ಲ. ಪಟ್ಟಿ ಚಿಕ್ಕದಾದಷ್ಟೂ ಈ ಅಪಾಯ ದೊಡ್ಡದು.

ಕನ್ನಡಕ್ಕೂ ಇಲ್ಲಿ ಜಾಗ ಇದೆ. ಡಾಟ್ ಭಾರತ ಕನ್ನಡ ಲಿಪಿಯಲ್ಲೇ ಇದೆ, ಆದರೆ ಅದು ದೇಶದ ಹೆಸರು, ನಿಕ್ಸಿ ನೋಡಿಕೊಳ್ಳುತ್ತೆ, ಈ ಪರೀಕ್ಷೆಯ ವ್ಯಾಪ್ತಿಗೆ ಬರಲ್ಲ. ಈ ಸಲ ಕನ್ನಡ ಲಿಪಿಯಲ್ಲೇ ಬೇರೆ ಹೆಸರಿಗೂ ಅರ್ಜಿ ಹಾಕಬಹುದು. ನಮ್ಮ ‘ರ’ ತೆಲುಗಿನ ‘ರ’ದ ಹಾಗೇ ಕಾಣೋದರಿಂದ ಮೋಸ ಆಗದಂತೆ ನಿಯಮಗಳೂ ಸಿದ್ಧ ಇವೆ. ಯಂತ್ರದ ಪರೀಕ್ಷೆ ಮೊದಲೇ ಮುಗಿದಿರೋದರಿಂದ ಸಣ್ಣ ಸಂಘಕ್ಕೆ ಒಂದು ದೊಡ್ಡ ತಲೆನೋವು ಕಡಿಮೆ. ಎರಡು ಕೋಟಿ ಹೊಂದಿಸೋ ತಲೆನೋವು ಹಾಗೇ ಇದೆ.

ನಿಮ್ಮದೇ ಡೊಮೈನ್ ಇದ್ದರೆ ಇವತ್ತೇ ಮೂರು ಕೆಲಸ ಮಾಡಿ. ಆಟೋ ರಿನ್ಯೂವಲ್ ಆನ್ ಇದೆಯಾ ನೋಡಿ. ವರ್ಗಾವಣೆ ಲಾಕ್ ಹಾಕಿ. ಪಾಸ್‌ವರ್ಡ್ ಮರುಪಡೆಯೋ ಇಮೇಲ್ ಅದೇ ಡೊಮೈನ್‌ನದ್ದಾಗಿದ್ದರೆ ಬದಲಿಸಿ. ಮನೆಯೊಳಗೇ ಕೀಲಿ ಇಟ್ಟು ಬಾಗಿಲು ಹಾಕ್ಕೊಂಡ ಹಾಗೆ ಅದು. ಭಟ್ಟರನ್ನು ಆರಿಸೋದು ನಮ್ಮ ಕೈಲಿಲ್ಲ. ನಮ್ಮ ಎಲೆ ನೋಡಿಕೊಳ್ಳೋದಂತೂ ನಮ್ಮದೇ.